ಟಿಕೀಟಿನ ಮೇಲೆ ನನ್ನ ಮುಖ

ನನಗೆ ಸಾವಿನ ಭಯ ಇದೆ ಎಂದು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ. ಗೋಕಾಕದ ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಧೈರ್ಯದ ಪಾಠ ಹೇಳಿದವನು ನಾನು. ಈಗ ಎಡಭುಜ ಸ್ವಲ್ಪ ಹಿಡಿದುಕೊಂಡರೂ ದೇವರ ಕೋಣೆಯ ಕಡೆ ನೋಡುತ್ತೇನೆ. ಇಂಥವನಿಗೆ ಅಂಚೆಚೀಟಿ ಕೂಡಿಸುವ ಹುಚ್ಚು ಇರಬಾರದಿತ್ತು. ನಮ್ಮ ಕಡೆ ಅದಕ್ಕೆ ಟಿಕೀಟು ಎನ್ನುತ್ತಾರೆ. ಹೊಸ ಟಿಕೀಟು ಬಂದಿದೆ ಎಂದರೆ ಸಾಕು, ಅಂಚೆ ಕಚೇರಿಯ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಹಕ್ಕಿ, ಹೂವು, ಗುಡಿ, ಸೇತುವೆ ಬಂದರೆ ಸಂತೋಷ. ಮನುಷ್ಯರ ಮುಖ ಬಂದರೆ ಮಾತ್ರ, ಇವರು ಹೋದದ್ದು ಎಷ್ಟನೇ ವಯಸ್ಸಿಗೆ ಎಂದು ಮೊದಲು ವಿಚಾರಿಸುತ್ತೇನೆ. ಎಷ್ಟೇ ದೊಡ್ಡವರಾದರೂ ಸಾಯದೆ ಟಿಕೀಟಿನ ಮೇಲೆ ಬರುವುದು ಕಷ್ಟ ಎಂಬುದು ಇಷ್ಟು ವರ್ಷಗಳ ನನ್ನ ಸಂಶೋಧನೆ.

ಆದ್ದರಿಂದ ಅರವತ್ತು ತುಂಬಿದ ದಿನ ಹೆಂಡತಿ ನಗುತ್ತ ಕೈಗಿಟ್ಟ ಹಾಳೆ ನೋಡಿ ನನ್ನ ಎದೆ ಧಸಕ್ಕೆಂದಿತು. ಹಾಳೆಯ ತುಂಬ ಟಿಕೀಟುಗಳು. ಒಂದೊಂದರಲ್ಲೂ ಗುಲಾಬಿ ಹೂವು, ಪಕ್ಕದಲ್ಲಿ ನನ್ನ ಮುಖ. ಫೋಟೋ ಕೊಟ್ಟು ಅರ್ಜಿ ಹಾಕಿದರೆ ಅಂಚೆಯವರು ಹಾಗೆ ಅಚ್ಚು ಹಾಕಿ ಕೊಡುತ್ತಾರಂತೆ.

"ಇದ್ಯಾಕ ಮಾಡಿಸಿದಿ? ನಾ ಇನ್ನೂ ಅದೀನಲ್ಲ!" ಎಂದೆ.

"ಇದ್ದಾಗನ ನೋಡ್ರಿ ಅಂತ ಮಾಡ್ಸೇನಿ. ಆಮ್ಯಾಲ ನೀವೇನ್ ನೋಡಾಕ ಬರ್ತೀರಿ?" ಎಂದಳು.

ಅವಳ ಮಾತು ಖರೆಯಾಗಿದ್ದದ್ದೇ ನನ್ನನ್ನು ಇನ್ನಷ್ಟು ಹೆದರಿಸಿತು. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಸಂಜೆಯೊಳಗೆ ಎರಡು ಸಲ ಬಿ.ಪಿ. ನೋಡಿಸಿಕೊಂಡು ಬಂದೆ.

ಮುಂದಿನ ವಾರ ಮನೆಯಲ್ಲಿ ಪೂಜೆ. ಹೆಂಡತಿಯ ಹಟಕ್ಕೆ ಎರಡು ಆಮಂತ್ರಣಗಳಿಗೆ ಆ ಟಿಕೀಟು ಹಚ್ಚಿದೆ. ಒಂದು ಬೆಲ್ಲದ ಬಾಗೇವಾಡಿಯ ನನ್ನ ಸೋದರತ್ತೆ ಗಂಗವ್ವನಿಗೆ. ಅವಳಿಗೆ ಕಿವಿ ಮಂದ, ಫೋನು ಉಪಯೋಗವಿಲ್ಲ. ಇನ್ನೊಂದು ಮೂಡಲಗಿಯ ಕಲ್ಲಪ್ಪ ಮಾಸ್ತರರಿಗೆ. ಇಪ್ಪತ್ತು ವರ್ಷ ನಾವಿಬ್ಬರೂ ಒಂದೇ ಸಾಲೆಯಲ್ಲಿ ಎದುರುಬದುರು ಕುಳಿತವರು, ಅವರಿಗೂ ಟಿಕೀಟಿನ ಹುಚ್ಚು. ಶುಭಪತ್ರದ ಮೂಲೆಗೆ ಅರಿಷಿಣ ಹಚ್ಚಬೇಕು. ಹೆದರಿಕೆಯಲ್ಲಿ ಅದನ್ನೇ ಮರೆತೆ. ಅಂಚೆಯವರು ಠಪ್ಪೆಂದು ಕರಿ ಮುದ್ರೆ ಒತ್ತಿದರು, ಸರಿಯಾಗಿ ನನ್ನ ಹಣೆಯ ಮೇಲೆ.

ಮೂರನೆಯ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ದಾಡಿ ಮಾಡಿಕೊಳ್ಳುತ್ತಿದ್ದೆ. ಓಣಿಯ ತುದಿಯಿಂದಲೇ ಗಂಗವ್ವ ಅತ್ತೆ ನನ್ನ ಹೆಸರು ಹಿಡಿದು ಅಳುವುದು ಕೇಳಿಸಿತು.

"ಅಯ್ಯೋ ನನ್ನ ಬಾಳಪ್ಪಾ, ನನಕಿಂತ ಮದಲ ಹೊಂಟೇನೋ!"

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೇ ಅನುಮಾನ ಬಂತು. ಸೋಪು ಹಚ್ಚಿದ ಕೈಯಿಂದಲೇ ನಾಡಿ ಹಿಡಿದು ನೋಡಿಕೊಂಡೆ. ಹೊಡೆದುಕೊಳ್ಳುತ್ತಿತ್ತು.

ಅತ್ತೆ ನನ್ನನ್ನು ಕಂಡು ಮೊದಲು ಕಿರುಚಿದಳು, ಆಮೇಲೆ ಬೆನ್ನಿಗೆ ಒಂದು ಗುದ್ದು ಹಾಕಿದಳು. "ಅರಿಷಿಣ ಇಲ್ಲ, ಟಿಕೀಟಿನ್ಯಾಗ ನಿನ್ನ ಮಾರಿ, ಮ್ಯಾಲ ಕರಿ ಬ್ಯಾರೆ ಬಡದಾರ! ನಾ ಏನಂತ ತಿಳ್ಕೋಬೇಕೋ ಮೂಳಾ?" ಕರಿ ಹಚ್ಚಿದ್ದೆಂದರೆ ಸಾವಿನ ಪತ್ರ, ಅದನ್ನು ಮನೆಯೊಳಗೆ ಒಯ್ಯಬಾರದಲ್ಲ, ಯಾರಿಂದಲೂ ಓದಿಸದೆ ಹೊಸ್ತಿಲಲ್ಲೇ ಹರಿದು ಹಾಕಿ, ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಬಸ್ಸು ಹತ್ತಿದ್ದಳು. ಕೂದಲು ಇನ್ನೂ ಹಸಿಯಾಗಿತ್ತು.

"ಹೋಗ್ಲಿ ಬಿಡು. ಸುಳ್ಳ ಸುದ್ದಿ ಬಂದ್ರ ಆಯುಷ್ಯ ಗಟ್ಟಿ ಆಕ್ಕೈತಿ" ಎಂದು ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ನಾನು ಹೋದರೆ ಇಷ್ಟು ಅಳುವವರು ಇದ್ದಾರೆ ಎಂದು ತಿಳಿದು ಎಷ್ಟೋ ಹಗುರಾಯಿತು.

ಅಷ್ಟರಲ್ಲಿ ಹೊಸ ಭಯ ಹೊಕ್ಕಿತು. ಕಲ್ಲಪ್ಪ ಮಾಸ್ತರರದು ಮೊದಲೇ ನಾಜೂಕಿನ ಹೃದಯ. ಈ ಪತ್ರ ನೋಡಿ ಅವರಿಗೆ ಏನಾದರೂ ಆಗಿದ್ದರೆ? ಮುಖದ ಸೋಪು ಒರೆಸಿಕೊಳ್ಳದೆ ಫೋನು ಮಾಡಿದೆ.

"ನಿಮ್ಮ ಪತ್ರ ಮುಟ್ಟಿತ್ರಿ ಮಾಸ್ತರ" ಎಂದರು ಉತ್ಸಾಹದಿಂದ. "ಟಿಕೀಟ ಭಾಳ ಚಲೋ ಐತಿ. ನೀರಾಗ ನೆನಸಿ ಬಿಡಿಸಿ ಆಲ್ಬಮ್ಮಿಗೆ ಹಚ್ಚಾಕತ್ತೇನಿ. ಆದ್ರ ಹೂವಿನ ಬಾಜೂ ಅದಾರಲ್ಲ, ಆ ಅಜ್ಜಾರು ಯಾರಂತ ಗೊತ್ತಾಗ್ಲಿಲ್ಲ. ಯಾವಾಗ ತೀರಿಕೊಂಡ್ರು?"

"ಯಾರೋ ಸಾಲಿ ಮಾಸ್ತರಂತ್ರಿ" ಎಂದೆ. "ಈಗಷ್ಟ ತೀರಿಕೊಂಡ್ರು."