ಕಲ್ಲಿಗೆ ಹೆದರಿದ ತಮ್ಮ

ದಟ್ಟಗಳ್ಳಿಯ ಬೀದಿಯವರೆಲ್ಲ ನನ್ನ ತಮ್ಮನಿಗೆ ಹುಚ್ಚು ಎನ್ನುತ್ತಾರೆ. ಸುಳ್ಳು. ಹುಚ್ಚಾಗಿದ್ದರೆ ಡಾಕ್ಟರಿಗೆ ತೋರಿಸಿ ಕೈತೊಳೆದುಕೊಳ್ಳಬಹುದಿತ್ತು! ಅವನಿಗೆ ಹಿಡಿದದ್ದು ಹೆದರಿಕೆ. ಯಾವುದಕ್ಕೆ? ಸ್ವಂತ ಮಲಗುವ ಕೋಣೆಯ ಗ್ರಾನೈಟ್ ನೆಲಕ್ಕೆ!

ಹೋದ ವರ್ಷ ಅವನ ಹೆಂಡತಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಬೀಡಿ ಸೇದಿದವಳಲ್ಲ, ಸೌದೆ ಒಲೆ ಊದಿದವಳಲ್ಲ. ಮತ್ತೆ ಯಾಕೆ ಬಂತು ಎಂದು ಇವನು ಮೊಬೈಲಿನಲ್ಲಿ ಹುಡುಕಿದ. ಕಲ್ಲಿನೊಳಗೆ ಯುರೇನಿಯಂ ಇರುತ್ತದಂತೆ, ಅದು ಸವೆಯುತ್ತಾ ಒಂದು ಗಾಳಿ ಬಿಡುತ್ತದಂತೆ, ಆ ಗಾಳಿಯಿಂದ ಆಲ್ಫಾ ಕಣಗಳು ಸಿಡಿದು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತವಂತೆ. ಅವತ್ತಿನಿಂದ ಮಲಗುವುದು ವರಾಂಡದಲ್ಲಿ. ವಿಕಿರಣ ಅಳೆಯುವ, ಟಿಕ್ ಟಿಕ್ ಎನ್ನುವ ಮಿಷನ್ನೊಂದನ್ನು ತರಿಸಿ ಬಾಳೆಹಣ್ಣು ಅಳೆದ, ಒರಳು ಅಳೆದ, ಹಾಲಿನವನನ್ನೂ ಅಳೆದ. ಮರುದಿನದಿಂದ ಹಾಲಿನವನು ಪ್ಯಾಕೆಟ್ಟನ್ನು ಗೇಟಿನಾಚೆಯಿಂದಲೇ ಎಸೆಯತೊಡಗಿದ!

ಆಲ್ಫಾ ಕಣವನ್ನು ತಡೆಯಲು ಒಂದು ಹಾಳೆ ಸಾಕು ಎಂದು ಇನ್ನೆಲ್ಲೋ ಓದಿದ. ಕೋಣೆ, ನಡುಮನೆ ಎಲ್ಲಕ್ಕೂ ಹಳೇ ಪೇಪರು ಹಾಸಿದ.

"ಗಾಳಿ ಸಂದೀಲಿ ಬರಲ್ವೇನೋ?" ಎಂದೆ.

ಸಂದಿಗೆ ಟೇಪು ಬಂತು! ವರ್ಷದ ತಿಥಿಗೆ ಕಾಲು ತೊಳೆದು ಒಳಗೆ ಬಂದ ಅಯ್ಯನವರು ಪೇಪರಿನ 'ಸೈಟು ಮಾರಾಟಕ್ಕಿದೆ' ಜಾಹೀರಾತನ್ನು ಒದ್ದೆ ಅಂಗಾಲಿಗೆ ಅಂಟಿಸಿಕೊಂಡೇ ಮಂತ್ರ ಹೇಳಿದರು.

"ಕಲ್ಲಿನ ಈ ಆಟ ಮುಗಿಯೋದು ಯಾವಾಗ ಕಣೋ?" ಎಂದೆ, ಅಯ್ಯನವರು ಹೋದ ಮೇಲೆ.

"ಮುಗಿಯಲ್ಲ ಅಕ್ಕ. ಆ ಯುರೇನಿಯಂ ಒಂದಷ್ಟು ಕಾಲಕ್ಕೆ ಅರ್ಧ ಆಗುತ್ತೆ, ಮತ್ತಷ್ಟು ಕಾಲಕ್ಕೆ ಅದರಲ್ಲಿ ಅರ್ಧ."

"ಬುಡು, ನೆಂಟರ ಮುಂದಿಟ್ಟ ಕೊನೇ ಮೈಸೂರು ಪಾಕು ಇದ್ದಂಗೆ! ಸಂಕೋಚಕ್ಕೆ ಒಬ್ಬೊಬ್ರೂ ಅರ್ಧರ್ಧ ಮುರ್ಕೋತಾರೆ, ತಟ್ಟೆ ಖಾಲಿ ಆಗೋದೇ ಇಲ್ಲ."

ಅವನು ನಗಲಿಲ್ಲ. "ನಾಳೆ ನೆಲ ಒಡೆಯೋರು ಬರ್ತಾರೆ" ಎಂದ.

"ನಿನ್ನ ಮಿಷನ್ನು ಏನಂತು?"

"ಬೀದೀಲಿ ಎಷ್ಟೋ ಕೋಣೇಲೂ ಅಷ್ಟೇ."

"ಮತ್ಯಾಕೆ ಒಡೀತೀಯ, ದಡ್ಡ?"

ತಮ್ಮ ತಲೆ ಎತ್ತಲಿಲ್ಲ. "ಅವಳಿಗೆ ಮೊಸಾಯಿಕ್ ಬೇಕಾಗಿತ್ತು ಅಕ್ಕ. ನಾನೇ ಹಠ ಮಾಡಿ ಈ ಕಲ್ಲು ಹಾಕಿಸ್ದೆ."

ಚಪ್ಪಲಿ ಮೆಟ್ಟಿಕೊಂಡು ಕುಂಬಾರಕೊಪ್ಪಲಿನ ನನ್ನ ಮನೆಗೆ ಬಂದುಬಿಟ್ಟೆ.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಕೋಣೆಯ ಪೇಪರೆಲ್ಲ ಕಿತ್ತೆಸೆದು, ಅವಳು ಮಲಗುತ್ತಿದ್ದ ಕಡೆ ಬರೀ ಕಲ್ಲಿನ ಮೇಲೆ ಕಾಲು ಚಾಚಿ ಮಲಗಿದೆ. ಸುತ್ತಿಗೆ ಹಿಡಿದವರು ಬಂದು ಬಾಗಿಲಲ್ಲಿ ನಿಂತರು.

"ಕಾಫಿ ಕುಡ್ಕೊಂಡು ಹೋಗ್ರಪ್ಪ" ಎಂದೆ. ಏಳಲಿಲ್ಲ.