ಕಾಕಾನ ಕೆಂಪು ಗಾಡಿಗೆ ಹನ್ನೆರಡು ಫರಸಿ

ನಮ್ಮ ಕಾಕಾ ಮನೆಗೆ ಬಂದವರ ಕ್ಷೇಮ ವಿಚಾರಿಸುವುದಿಲ್ಲ, ತೂಕ ವಿಚಾರಿಸುತ್ತಾರೆ! “ಬರ್ರಿ, ಕುಂದರ್ರಿ” ಎಂದು ನೀರು ಕೊಟ್ಟು, ಮೇಲಿಂದ ಕೆಳಗೆ ಒಮ್ಮೆ ನೋಡಿ, “ಎಪ್ಪತ್ತೆಂಟು ಇರಬೇಕಲ್ರಿ?” ಎನ್ನುತ್ತಾರೆ. ಐವತ್ತು ದಾಟದ ಹೆಣ್ಣುಮಕ್ಕಳು ಇದನ್ನು ವಯಸ್ಸೆಂದು ತಿಳಿದು ಮುಖ ಊದಿಸಿಕೊಂಡು ಹೋಗಿದ್ದೂ ಉಂಟು. ಕಾಕಾನ ತಪ್ಪೇನಿದೆ ಹೇಳಿ? ಕಲಬುರಗಿ ಕಡೆಯಿಂದ ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದು ಮೂವತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರಿದ ಮನುಷ್ಯ. ಕಣ್ಣಿಗೆ ಬಿದ್ದದ್ದನ್ನೆಲ್ಲ ತೂಗುವ ಚಟ ಅಂಟಿಬಿಟ್ಟಿದೆ.

ಆ ಮೂವತ್ತು ವರ್ಷವೂ ಕಲ್ಲು ಸಾಗಿಸುವ ಟೆಂಪೋದಲ್ಲಿ ಅವರ ಪಕ್ಕ ಕೂತವರು ಅವರ ಹೆಂಡತಿ, ನಮ್ಮ ಕಾಕು. ಮನೆ ಕಟ್ಟಿಸುವವರ ಹತ್ತಿರ ತೆಲುಗಿನಲ್ಲಿ ಚೌಕಾಶಿ ಮಾಡಲು ಕಾಕಾನಿಗೆ ಬರುವುದಿಲ್ಲ, ಕಾಕುವಿಗೆ ಬರುತ್ತದೆ. ಕುಲುಕಿ ಕುಲುಕಿ ಕಾಕುವಿನ ಸೊಂಟ ಹಾಳಾಯಿತು. ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ ದಿನ ಕಾಕು ಟೆಂಪೋದಿಂದ ಇಳಿದವರೇ ಗೇಟು ಹಿಡಿದು ನಿಂತು ಘೋಷಿಸಿದರು: “ಸಾಕ್ರಿ ಇನ್ನ. ನಿಮ್ಮ ಗಾಡ್ಯಾಗ ಇನ್ನೊಮ್ಮೆ ಕಾಲಿಡಂಗಿಲ್ಲ. ದವಾಖಾನಿಯಿಂದ ಮನೀಗೂ ಆಂಬುಲೆನ್ಸ್‌ನ್ಯಾಗs ಬರ್ತೀನಿ.”

“ನಾ ಇರೂತನಕ ನನ್ನ ಹೆಂಡ್ತಿ ಬ್ಯಾರೇದವರ ಗಾಡ್ಯಾಗ ಮನೀಗಿ ಬರೂದಾ?” ಎಂದು ಕಾಕಾ ನನ್ನ ಮುಂದೆ ಗೊಣಗಿದರು. ಕಾಕುವಿನ ಮುಂದೆ ಗೊಣಗುವಷ್ಟು ಧೈರ್ಯ ಯಾರಿಗಿದೆ?

ಮುಂದಿನ ವಾರ ಟೆಂಪೋ ಹೋಯಿತು, ಬಾಗಿಲಿಗೆ ಕೆಂಪು ಗಾಡಿ ಬಂತು. ಮುಂದೆ ಕಾರು, ಹಿಂದೆ ಲಾರಿ! ದಪ್ಪ ಗಾಲಿ, ಹುಲಿಯಂಥ ಸದ್ದು. ಯಾರೋ ಸಾಹುಕಾರರ ಮಗ ರಿಂಗ್ ರೋಡಿನಲ್ಲಿ ಹಾರಿಸಲೆಂದು ಕೊಂಡು, ಬೇಸರವಾಗಿ ಮಾರಿದ್ದಂತೆ. ಹಾರುವ ಗಾಡಿಯನ್ನು ಕಲ್ಲು ಹೊರಿಸಲು ತಂದವರು ಇಡೀ ಹೈದರಾಬಾದಿನಲ್ಲಿ ನಮ್ಮ ಕಾಕಾ ಒಬ್ಬರೇ ಇರಬೇಕು. ಕಾಕು ಕಿಟಕಿಯಿಂದಲೇ ನೋಡಿ, “ಬಣ್ಣ ಬದಲಿ ಆಗೇತಿ ಅಷ್ಟs. ಹೊಡಿಯೋರು ಅವರs ಅದಾರಲ್ಲ!” ಎಂದು ಒಳಗೆ ಹೋದರು.

ಮೊದಲ ದಿನ ಕಲ್ಲು ಹೇರಿದ್ದೇ ತಡ, ಗಾಡಿಯ ಹಿಂಭಾಗ ನೆಲಕ್ಕೆ ಕೂತಿತು, ಮೂತಿ ಮೇಲೆದ್ದಿತು. ಸಂಜೆ ಹೆಡ್‌ಲೈಟು ಹಾಕಿದರೆ ಬೆಳಕು ರಸ್ತೆಯ ಮೇಲೆ ಬೀಳಲಿಲ್ಲ, ಎದುರು ಕಟ್ಟಡದ ಎರಡನೇ ಮಹಡಿಯ ಬಾಲ್ಕನಿಯ ಮೇಲೆ ಬಿತ್ತು! ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿ ತೆಲುಗಿನಲ್ಲಿ ಕೊಟ್ಟ ಆಶೀರ್ವಾದವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಇದು ರೇಸಿನ ಕುದುರೆ, ಕಲ್ಲು ಹೊರಿಸಬೇಡಿ ಎಂದು ಮೆಕ್ಯಾನಿಕ್ ಉಸ್ತಾದ್ ಕೈ ಮುಗಿದ. “ಕಾಕಾ, ಯೇ ರೇಸ್ ಕಾ ಘೋಡಾ ಹೈ. ಪತ್ಥರ್ ನಕ್ಕೋ!”

“ಘೋಡಾ ಹೈ ತೋ ಖಡಾ ರಹ್ನಾ ನಾ! ಬೈಠ್ ಕೈಕು ಗಯಾ?”

ಕುದುರೆಯಾದರೆ ನಿಲ್ಲಬೇಕು, ಕೂತಿತೇಕೆ ಎಂದು ಕಾಕಾನ ಪ್ರಶ್ನೆ. ಉಸ್ತಾದ್ ಗಾಡಿಯ ಕೆಳಗೆ ತೂರಿ ನೋಡಿದ. ಹಿಂದಿನ ಗಾಲಿಗಳ ಮೇಲೆ ಭಾರ ತಾಳುವ ಒಂದೊಂದು ಸ್ಪ್ರಿಂಗಿನ ಕಮಾನು ಪಟ್ಟಿ ಸೇರಿಸೋಣ ಎಂದ. ಕಾಕಾ ಮೂರು ಮೂರು ಹಾಕಿಸಿದರು! ಲಾರಿಗೆ ಹಾಕುವಂಥ ಟೈರು ಬೇರೆ.

ಅಷ್ಟು ಪಟ್ಟಿ ಹಾಕಿದ ಮೇಲೆ ಪರೀಕ್ಷೆ ಆಗಬೇಡವೇ? ಅದೇ ವಾರ ನಮ್ಮ ಮನೆಯಲ್ಲಿ ನನ್ನ ಮಗಳ ತೊಟ್ಟಿಲು ಕಾರ್ಯವಿತ್ತು. ನೆಂಟರು ಬರುತ್ತಿದ್ದಂತೆ ಕಾಕಾ ಬಾಗಿಲಲ್ಲೇ ನಿಂತು, “ಗಾಡಿ ಹತ್ತೂದೈತ್ರಿ, ಆದ್ರ ಈಗ ಬ್ಯಾಡ. ಊಟ ಆಗ್ಲಿ, ಪೂರ್ತಿ ತೂಕ ಸಿಗ್ತೈತಿ” ಎಂದರು. ಹೋಳಿಗೆ ಉಂಡ ಹದಿನಾಲ್ಕು ಜನ, ರೇಷ್ಮೆ ಸೀರೆ ಎತ್ತಿಕೊಂಡವರೂ ಸೇರಿ, ಗಾಡಿಯ ಹಿಂದೆ ಹತ್ತಿ ನಿಂತರು. ಗಾಡಿ ಬೆರಳಷ್ಟೂ ತಗ್ಗಲಿಲ್ಲ. ಕಾಕಾ ಕುಣಿಯುವುದೊಂದು ಬಾಕಿ!

ಆದರೆ ಮರುದಿನ ಖಾಲಿ ಗಾಡಿ ಓಡಿಸಿದಾಗ ಬಣ್ಣ ಬಯಲಾಯಿತು. ಕಾಕುವಿನ ಸೊಂಟ ತಾಳುತ್ತದೋ ಇಲ್ಲವೋ ಎಂದು ನೋಡಲು ನನ್ನ ಕೈಗೆ ಚಹಾ ತುಂಬಿದ ಕಪ್ಪು ಕೊಟ್ಟು ಪಕ್ಕಕ್ಕೆ ಕೂರಿಸಿಕೊಂಡಿದ್ದರು. ಭಾರವಿಲ್ಲದ ಗಾಡಿ, ಅಷ್ಟೊಂದು ಬಿಗಿ ಪಟ್ಟಿ! ಮೊದಲ ಸ್ಪೀಡ್ ಬ್ರೇಕರಿಗೆ ನಾನು ಮೇಲೆ, ಚಹಾ ನನ್ನ ಪ್ಯಾಂಟಿನ ಮೇಲೆ.

“ಕಾಕಾ, ಟೆಂಪೋನs ಚಲೋ ಇತ್ತು! ಎರಡು ಪಟ್ಟಿ ತಗಸ್ರಿ.”

“ಹಾಕಿದ್ದು ತಗಿಯಂಗಿಲ್ಲ. ಇದಕ್ಕ ಭಾರ ಬೇಕಾಗೈತಿ, ತಡಿ.”

ಒಂದೊಂದೇ ಫರಸಿ ಹೇರುತ್ತ, ಓಡಿಸುತ್ತ, ಮತ್ತೆ ಹೇರುತ್ತ ಹೋದರು. ಅಷ್ಟರಲ್ಲಿ ನನ್ನ ಎರಡು ಪ್ಯಾಂಟು ಚಹಾ ಕುಡಿದಿದ್ದವು. ಹನ್ನೆರಡನೇ ಫರಸಿಗೆ ಚಹಾ ತುಳುಕಲಿಲ್ಲ! ಅಂದಿನಿಂದ ಆ ಹನ್ನೆರಡು ಕಲ್ಲು ಗಾಡಿಯಿಂದ ಇಳಿಯಲೇ ಇಲ್ಲ. ತರಕಾರಿಗೆ ಹೊರಟರೂ ಹನ್ನೆರಡು, ಕೋಠಿ ಬಜಾರಿಗೆ ಔಷಧಿ ತರಲು ಹೊರಟರೂ ಹನ್ನೆರಡು! ಗಿರಾಕಿಯೊಬ್ಬರು ಅವನ್ನೇ ಬೇಕೆಂದು ಹಟ ಹಿಡಿದಾಗ, “ಅವು ಮಾರೂವು ಅಲ್ರಿ. ನಮ್ಮ ಮನಿಯಾಕಿ ಸೊಂಟದ್ದವು” ಎಂದರು. ಗಿರಾಕಿ ಗಾಬರಿಯಾಗಿ ಎದ್ದು ಹೋದರು. ಇದನ್ನು ಕಾಕುವಿಗೆ ಹೇಳಬಾರದೆಂದು ನನ್ನಿಂದ ಆಣೆ ಬೇರೆ ಮಾಡಿಸಿಕೊಂಡರು.

ಆಪರೇಷನ್ ಚೆನ್ನಾಗಿ ಆಯಿತು. ಡಿಸ್ಚಾರ್ಜ್ ದಿನ ಕಾಕುವಿನ ಆಜ್ಞೆಯಂತೆ ನಾನು ಆಂಬುಲೆನ್ಸ್ ಕರೆಸಿದ್ದೆ. ಅದರ ಪಕ್ಕದಲ್ಲೇ ಕೆಂಪು ಗಾಡಿ. ಕಾಕಾ ಬಾಗಿಲು ತೆರೆದು ನಿಂತಿದ್ದರು. ಡಾಕ್ಟರನ್ನು ಮೊದಲೇ ಕರೆದು ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಿ ಒಪ್ಪಿಗೆ ಪಡೆದಿದ್ದರು! ಗಾಲಿಕುರ್ಚಿಯಲ್ಲಿ ಬಂದ ಕಾಕು ಗಾಡಿಯ ಹಿಂಭಾಗ ನೋಡಿ ಸಿಡುಕಿದರು. “ಇವತ್ತೂ ಕಲ್ಲು ಹೇರ್ಕೊಂಡು ಬಂದಾರ ನೋಡು!”

ನಾನು ಆಣೆ ಮುರಿದೆ. ಪಟ್ಟಿಯಿಂದ ಹಿಡಿದು ಚಹಾದವರೆಗೆ ಎಲ್ಲ ಹೇಳಿದೆ. ಕಾಕು ಹಿಂದಿದ್ದ ಕಲ್ಲುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ನನ್ನ ಕೈ ಹಿಡಿದು, “ಹತ್ತಸು” ಎಂದರು.

ಯಾರೋ ಅಟ್ಟಿಸಿಕೊಂಡು ಬಂದವರಂತೆ ಓಡಿಸುವ ಕಾಕಾ ಅಂದು ಆಟೋಗಳಿಗೆಲ್ಲ ದಾರಿ ಬಿಟ್ಟರು. ಹಾರ್ನ್ ಹೊಡೆದವರಿಗೆ ಬೈಯಲೂ ಇಲ್ಲ. ಹಿಂದಿನ ಸೀಟಿನಲ್ಲಿ ನಾನು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ನಮ್ಮ ಓಣಿ ಹತ್ತಿರ ಬಂದಾಗ ಕಾಕಾ ರಸ್ತೆಯನ್ನೇ ನೋಡುತ್ತ ಮೆಲ್ಲಗೆ ಅಂದರು: “ಮೂವತ್ತು ವರ್ಷ ನಿನಗ ಭಾಳ ತ್ರಾಸ ಕೊಟ್ಟೆ.”

“ಕೊಟ್ಟೀರಿ” ಎಂದರು ಕಾಕು.

ಕಾಕಾ ಓಣಿಗೆ ತಿರುಗಿಸಲು ಇಂಡಿಕೇಟರ್ ಹಾಕಿದರು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ತೋಳು ಮುಟ್ಟಿ ಹೇಳಿದರು:

“ಸೀದಾ ಹೋಗ್ರಿ. ಮನಿ ಎಲ್ಲಿ ಓಡಿ ಹೋಗ್ತೈತಿ?”