ಉಪ್ಪು ಕೇಳಿದರೆ ರೋಮನ್ನರು ಬರುತ್ತಾರೆ

ನಮ್ಮ ಭಾವನ ಪಕ್ಕದಲ್ಲಿ ಊಟಕ್ಕೆ ಕೂರುವ ಸಂದರ್ಭ ಬಂದರೆ ನಿಮಗೊಂದು ಎಚ್ಚರಿಕೆ: ಅವರ ಹತ್ತಿರ ಉಪ್ಪು ಮಾತ್ರ ಕೇಳಬೇಡಿ. ಸಾರು ಸಪ್ಪೆಯಾಗಿದ್ದರೆ ದೇವರ ಹೆಸರು ಹೇಳಿ ಹಾಗೇ ನುಂಗಿಬಿಡಿ. ಕೇಳಿದಿರೋ, ಉಪ್ಪಿಗಿಂತ ಮೊದಲು ರೋಮನ್ ಸೈನಿಕರು ಬರುತ್ತಾರೆ! "ಸ್ಯಾಲರಿ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ ನಿಂಗೆ? ಲ್ಯಾಟಿನ್‌ನಲ್ಲಿ ಸಾಲ್ ಅಂದ್ರೆ ಉಪ್ಪು..." ಎಂದು ಉಪ್ಪಿನ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಡುತ್ತಾರೆ. ಆ ಪದ ಲ್ಯಾಟಿನ್ನಿನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ನಡೆದುಕೊಂಡು ಬರುವಷ್ಟರಲ್ಲಿ ನನ್ನ ಸಾರು ಆರಿ, ನಾನು ಮಜ್ಜಿಗೆ ಅನ್ನಕ್ಕೆ ಬಂದಿರುತ್ತೇನೆ. ಆಗ ಡಬ್ಬಿ ಕೈಗೆ ಸಿಗುತ್ತದೆ. ಮಜ್ಜಿಗೆಗೂ ಉಪ್ಪು ಬೇಕಲ್ಲ, ಪೂರ್ತಿ ದಂಡವಾಗುವುದಿಲ್ಲ ಅನ್ನಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಇರುವುದು ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ. ಅಲ್ಲಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕೊರೋನಾ ಕಾಲದಲ್ಲಿ ಜನ ಮನೆಯಲ್ಲಿ ಕೂತು ಬ್ರೆಡ್ ಮಾಡಲು ಕಲಿತರು, ತಮ್ಮ ಕೂದಲು ತಾವೇ ಕತ್ತರಿಸಲು ಕಲಿತರು. ನಮ್ಮ ಭಾವ ಯುರೋಪ್ ಕಲಿತರು! ಯಾವ ಭಾಷೆ ಯಾವ ಭಾಷೆಯ ಮನೆಯಿಂದ ಏನು ಕಡ ತಂತು, ತಂದಿದ್ದನ್ನು ವಾಪಸ್ ಕೊಟ್ಟಿತೋ ಇಲ್ಲವೋ, ಎಲ್ಲ ಅವರಿಗೆ ಬಾಯಿಪಾಠ. ಐದು ಭಾಷೆಗಳಲ್ಲಿ "ಕುದುರೆ ಸೇಬು ತಿನ್ನುತ್ತಿದೆ" ಅನ್ನಲು ಬರುತ್ತದೆ. ಆ ಕುದುರೆಯನ್ನು ಕಟ್ಟಿಕೊಂಡು ಏನು ಮಾಡುತ್ತಾರೋ ಗೊತ್ತಿಲ್ಲ.

ನಾವಿರುವುದು ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿ, ನಡುವೆ ಮೂರು ರಾಜ್ಯಗಳಿವೆ, ಬಚಾವ್ ಅಂದುಕೊಂಡಿದ್ದೆ. ವಿಡಿಯೋ ಕಾಲ್ ಅನ್ನುವುದೊಂದು ಇದೆಯಲ್ಲ! ಹೈಸ್ಕೂಲಿನಲ್ಲಿ ಫ್ರೆಂಚ್ ತಗೊಂಡಿರುವ ನನ್ನ ಮಗಳು ಒಂದು ಸಂಜೆ ಹೋಂವರ್ಕಿಗೆ ದೊಡ್ಡಪ್ಪನನ್ನು ಒಂದು ಪದ ಕೇಳಿದಳು. ನಾನು ಚಪಾತಿ ಹಿಟ್ಟು ಕಲಸಿ, ಲಟ್ಟಿಸಿ, ಬೇಯಿಸಿ, ಪಲ್ಯಕ್ಕೆ ಒಗ್ಗರಣೆ ಹಾಕಿ ಬಂದು ನೋಡಿದರೆ ಅವಳು ಟೇಬಲ್ ಮೇಲೆ ತಲೆ ಇಟ್ಟಿದ್ದಾಳೆ, ಸ್ಕ್ರೀನಿನಲ್ಲಿ ಭಾವ ಇನ್ನೂ ಇಂಗ್ಲೆಂಡಿನ ಸಮುದ್ರತೀರದಲ್ಲಿ ಫ್ರೆಂಚ್ ಮಾತಾಡುವ ಸೈನ್ಯವನ್ನು ಇಳಿಸುತ್ತಿದ್ದಾರೆ. "ಮಾಮ್, ಐ ಆಸ್ಕ್‌ಡ್ ಹಿಮ್ ಫಾರ್ ಒನ್ ವರ್ಡ್!" ಎಂದು ಮಗಳು ಅಳುವಂತಾದಳು. ಆ ಪದ ಕೊನೆಗೂ ಸಿಗಲಿಲ್ಲ.

ಹೋಟೆಲಿಗೆ ಹೋದರೆ ಇನ್ನೂ ಫಜೀತಿ. ಅಪ್ಪಟ ಸಸ್ಯಾಹಾರಿಗಳಾದ ನಾವು ಪಾಸ್ತಾ ತರಿಸಿಕೊಂಡು ಬಾಯಿಗೆ ಇಡುವ ಹೊತ್ತಿಗೆ ಶುರು ಮಾಡುತ್ತಾರೆ: "ಹಸು ಹೊಲದಲ್ಲಿ ಇರೋವರೆಗೆ ಅದಕ್ಕೆ ಕೌ ಅಂತ ಇಂಗ್ಲಿಷ್ ಹೆಸರು. ಕಡಿದು ತಟ್ಟೆಗೆ ಹಾಕಿದ್ರೆ ಬೀಫ್ ಅಂತ ಫ್ರೆಂಚ್ ಹೆಸರು. ಯಾಕೆ ಹೇಳು? ಸಾಕೋನು ಇಂಗ್ಲಿಷಿನವನು, ತಿನ್ನೋನು ಫ್ರೆಂಚಿನವನು!" ಅಕ್ಕ ಫೋರ್ಕ್ ಕೆಳಗಿಟ್ಟು, "ರೀ, ನಾನು ಊಟ ಮಾಡ್ತಿದೀನಿ" ಅನ್ನುತ್ತಾಳೆ. ಆಗ ಭಾವ ಅವಳ ಮೇಲೆ ಕರುಣೆ ತೋರಿ ಹಸುವನ್ನು ಬಿಟ್ಟು ಹಂದಿಗೆ ಹೋಗುತ್ತಾರೆ.

ಇದರ ಮೇಲೆ ಪ್ರೀತಿ ಪ್ರೇಮದ ಬಗ್ಗೆ ಬೇರೆ ಅವರದೊಂದು ಸಿದ್ಧಾಂತವಿದೆ! ಫ್ರೆಂಚಿನವನು ಕಣ್ಣಲ್ಲಿ ಪ್ರೀತಿಸುತ್ತಾನಂತೆ. ಇಟಲಿಯವನು ಕೈಯಲ್ಲಿ, ಅವನ ಕೈ ಕಟ್ಟಿಹಾಕಿದರೆ ಪ್ರೇಮ ಅಲ್ಲಿಗೆ ಖತಂ. ಸ್ಪೇನಿನವನಿಗೆ ಹೊಟ್ಟೆಕಿಚ್ಚಿಲ್ಲದಿದ್ದರೆ ಪ್ರೀತಿ ರುಚಿಸುವುದಿಲ್ಲ. ಜರ್ಮನಿಯವನು ಟೈಮ್ ಟೇಬಲ್ ಹಾಕಿಕೊಂಡು ಪ್ರೀತಿಸುತ್ತಾನೆ. ಇಂಗ್ಲಿಷಿನವನು ಹವಾಮಾನದ ಬಗ್ಗೆ ಮಾತಾಡಿ, ಸಾರಿ ಕೇಳಿ, ಮನೆಗೆ ಹೋಗಿಬಿಡುತ್ತಾನೆ. ಇದನ್ನೆಲ್ಲ ಎಲ್ಲಿ ಕಂಡರು? ಯುರೋಪಿನಲ್ಲಿ ಅವರು ಕಾಲಿಟ್ಟಿರುವುದು ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸುವಾಗ ಮಾತ್ರ!

ಒಮ್ಮೆ ಅಕ್ಕ ಬಟ್ಟೆ ಮಡಚುತ್ತಾ ಕೇಳಿದಳು. "ಎಲ್ಲರದ್ದೂ ಆಯ್ತಲ್ಲ, ಕನ್ನಡದವರು ಹೇಗ್ರೀ ಪ್ರೀತಿಸ್ತಾರೆ?"

ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಅದರ ಬಗ್ಗೆ ಇನ್ನೂ ರಿಸರ್ಚ್ ಆದ ಹಾಗಿಲ್ಲ" ಅಂದರು.

ಅಕ್ಕ ನಕ್ಕಳು. ಇಂಥವಕ್ಕೆಲ್ಲ ನಕ್ಕು ನಕ್ಕೇ ಅಷ್ಟು ವರ್ಷ ಸಂಸಾರ ಮಾಡಿದವಳು ಅವಳು. ನಗು ನಿಂತದ್ದು ಹೋದ ವರ್ಷ, ಅವರ ಮದುವೆಯ ಮೂವತ್ತೈದನೇ ವಾರ್ಷಿಕೋತ್ಸವದ ದಿನ.

ರಾಕ್‌ವಿಲ್‌ನ ಸ್ನೇಹಿತರೆಲ್ಲ ಸೇರಿ ಒಂದು ಹಾಲ್ ಹಿಡಿದು ಪಾರ್ಟಿ ಇಟ್ಟುಕೊಂಡಿದ್ದರು. ನಾವೂ ಹೋಗಿದ್ದೆವು. ಅಕ್ಕ ನೇರಳೆ ಬಣ್ಣದ ಮೈಸೂರು ರೇಷ್ಮೆ ಸೀರೆ ಉಟ್ಟು, ತಲೆಗೆ ಹೂವಿಟ್ಟು, ಮದುವಣಗಿತ್ತಿಯ ಹಾಗೆ ಕೂತಿದ್ದಳು. ಕೇಕ್ ಕತ್ತರಿಸುವ ಮುಂಚೆ ಯಾವುದೋ ಹುಡುಗಿ ಉತ್ಸಾಹದಿಂದ ಭಾವನ ಕೈಗೆ ಮೈಕ್ ಕೊಟ್ಟು, "ಅಂಕಲ್, ನಿಮ್ಮ ರೋಮ್ಯಾನ್ಸ್ ಬಗ್ಗೆ ಸ್ವಲ್ಪ ಹೇಳಿ!" ಅಂದಳು.

ಅಯ್ಯೋ! ಅವರ ಕೈಗೆ ಮೈಕ್ ಕೊಡುವುದೇ ತಪ್ಪು, ಅದರ ಜೊತೆಗೆ ಆ ಪದವನ್ನೂ ಕೊಡುವುದೇ?

"ರೋಮ್ಯಾನ್ಸ್ ಅಂದ್ರೆ ಪ್ರೀತಿ ಅಂತ ಎಲ್ಲರೂ ತಪ್ಪು ತಿಳ್ಕೊಂಡಿದಾರೆ" ಎಂದು ಭಾವ ಗಂಟಲು ಸರಿಮಾಡಿಕೊಂಡರು. "ಮೂಲದಲ್ಲಿ ಅದು ಭಾಷೆಯ ಹೆಸರು. ಪಂಡಿತರು ಲ್ಯಾಟಿನ್ ಬರೀತಿದ್ರು. ಜನ ಬೀದೀಲಿ ಆಡ್ತಿದ್ದ ರೋಮಿನ ಮಾತಿಗೆ ಆ ಹೆಸರು. ಆಮೇಲೆ ಆ ಮಾತಿನಲ್ಲಿ ಹೇಳಿದ ಕಥೆಗಳಿಗೆ ಅದೇ ಹೆಸರು ಬಂತು..." ಅಲ್ಲಿಂದ ಶುರುವಾದದ್ದು ಕುದುರೆ ಏರಿದ ವೀರರು, ಕೋಟೆಯೊಳಗಿನ ರಾಣಿಯರು, ಫ್ರಾನ್ಸ್, ಸ್ಪೇನ್ ಎಲ್ಲ ಸುತ್ತಿ ಇಂಗ್ಲೆಂಡಿಗೆ ಬರುವ ಹೊತ್ತಿಗೆ ಕೇಕಿನ ಮೇಲಿನ ಕ್ರೀಮು ಇಳಿದು ಇಬ್ಬರ ಹೆಸರೂ ಅಳಿಸಿಹೋಗಿತ್ತು. ಜನ ಚಪ್ಪಾಳೆ ತಟ್ಟಿದರು, ಮುಗಿಯಿತಲ್ಲ ಎಂಬ ಸಂತೋಷಕ್ಕೆ. ಅಕ್ಕನ ಬಗ್ಗೆ ಒಂದೇ ಒಂದು ಮಾತು ಇಲ್ಲ! ನಾನು ಅವಳ ಕಡೆ ನೋಡಿದೆ. ಅವಳು ಸೆರಗಿನ ಜರಿ ಸವರುತ್ತಾ ಕೂತಿದ್ದಳು.

ಕಾರು ಓಡಿಸುವುದು ಯಾವಾಗಲೂ ಅಕ್ಕನೇ. ಭಾವನ ಡ್ರೈವಿಂಗ್ ಏನಿದ್ದರೂ ಮನೆಯಿಂದ ಲೈಬ್ರರಿಗೆ, ಲೈಬ್ರರಿಯಿಂದ ಮನೆಗೆ. ಹೈವೇ ಕಡೆ ತಲೆ ಹಾಕಿಯೂ ಮಲಗುವವರಲ್ಲ. ಆವತ್ತು ವಾಪಸ್ ಬರುವಾಗ ಪಕ್ಕದ ಸೀಟಿನಿಂದ ಅವರು, "ಹೇಗಿತ್ತು ನನ್ನ ಸ್ಪೀಚು?" ಎಂದು ಕೇಳಿದರು. ಅಕ್ಕ ರೇಡಿಯೋ ಹಾಕಿದಳು. ಹಿಂದಿನ ಸೀಟಿನಲ್ಲಿದ್ದ ನಾವು ಕಿಟಕಿಯ ಹೊರಗೆ ನೋಡಿದೆವು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಉಂಡರು, ಮಲಗಿದರು, ಎದ್ದರು. ಅದೇ ವಾರ ಅಕ್ಕ ಒಂದು ಸೂಟ್‌ಕೇಸ್ ಸಮೇತ ವಿಮಾನ ಹತ್ತಿ ನಮ್ಮ ಮನೆಗೆ ಬಂದಿಳಿದಳು. "ಎಷ್ಟು ದಿನ ಇರ್ತೀಯಾ?" ಅಂದೆ. "ಯಾಕೆ, ಭಾರವಾ?" ಅಂದಳು. ಆಮೇಲೆ ಕಾಫಿ ಲೋಟ ಹಿಡಿದುಕೊಂಡು, "ಅಷ್ಟು ಜನರ ಮುಂದೆ ಕಣೇ, ರೋಮನ್ನರ ಬಗ್ಗೆ ಮಾತು ಬಂತು, ಕುದುರೆ ಬಗ್ಗೆ ಬಂತು. ನನ್ನ ಬಗ್ಗೆ ಒಂದು ಮಾತು ಬರಲಿಲ್ಲ ಆ ಬಾಯಲ್ಲಿ" ಅಂದಳು. ನಗುತ್ತಲೇ ಶುರು ಮಾಡಿದಳು, ಮುಗಿಸುವಾಗ ನಗು ಇರಲಿಲ್ಲ. ಇವಳು ಈ ಸಲ ವಾಪಸ್ ಹೋಗುವುದಿಲ್ಲವೇನೋ ಎಂದು ನನಗೆ ಮೊದಲ ಸಲ ಹೆದರಿಕೆಯಾಯಿತು.

ಮಾರನೆಯ ದಿನದಿಂದ ಭಾವನ ಫೋನು. ಅಕ್ಕನಿಗಲ್ಲ, ನನಗೆ! ಅವರಿಬ್ಬರ ಜಗಳದಲ್ಲಿ ಬಡವಾದ ಕೂಸು ನಾನೇ.

"ನಿಮ್ಮಕ್ಕ ಸರಿಯಾಗಿ ಹೇಳದೇ ಹೋದ್ಲು. ಇದಕ್ಕೆ ಇಂಗ್ಲಿಷಿನವರು ಏನಂತಾರೆ ಗೊತ್ತಾ? ಫ್ರೆಂಚರ ಥರ ಹೋಗೋದು ಅಂತ. ಅದೇ ಫ್ರೆಂಚರನ್ನ ಕೇಳು, ಇಂಗ್ಲಿಷಿನವರ ಥರ ಹೋಗೋದು ಅಂತಾರೆ! ಒಬ್ಬರ ಮೇಲೆ ಒಬ್ಬರು ಎತ್ತಿಹಾಕೋದು!"

"ಭಾವ, ಅಕ್ಕ ಇಲ್ಲೇ ಪಕ್ಕದಲ್ಲಿದಾಳೆ, ಕೊಡ್ಲಾ?"

"ಬೇಡ ಬೇಡ. ಜರ್ಮನಿಯವರು ಏನಂತಾರೆ ಕೇಳು..."

ಫೋನಿಟ್ಟು ಅಕ್ಕನನ್ನು ಕೇಳಿದೆ. "ಏನೇ, ಹೇಳದೇ ಬಂದ್ಯಾ?"

"ಹೇಳಿದೆನಲ್ಲ! 'ನಾನು ಹೋಗ್ತೀನಿ, ಫ್ರಿಜ್ಜಲ್ಲಿ ಹುಳಿ ಇದೆ' ಅಂದೆ. ಪುಸ್ತಕದಿಂದ ತಲೆ ಎತ್ತಿದ್ರೆ ತಾನೆ? ಕೇಳಿಸ್ಕೊಂಡೇ ಇಲ್ಲ ಮಹಾರಾಯರು."

ಹೀಗೆ ಒಂದಿಷ್ಟು ದಿನ ನಡೆಯಿತು. ನನಗಂತೂ ತಲೆ ಚಿಟ್ಟು ಹಿಡಿದುಹೋಗಿತ್ತು. ಆಮೇಲೆ ಒಂದು ಬೆಳಿಗ್ಗೆ ಫೋನು. ಹಿಂದೆ ಲಾರಿಗಳ ಸದ್ದು. "ವರ್ಜೀನಿಯಾದಲ್ಲಿದೀನಿ. ಮದುವೇನೇ ಆಗದ ರಾಣಿಗೋಸ್ಕರ ಇಟ್ಟ ಹೆಸರು ಇದು."

"ವರ್ಜೀನಿಯಾದಲ್ಲಿ ಏನ್ ಮಾಡ್ತಿದೀರಾ ಭಾವ?"

"ಡ್ರೈವ್ ಮಾಡ್ತಿದೀನಿ."

ನನ್ನ ಕೈಯಿಂದ ಫೋನ್ ಬೀಳುವುದೊಂದು ಬಾಕಿ. ಹೈವೇಯಲ್ಲಿ! ಒಬ್ಬರೇ! "ಎಲ್ಲಾದರೂ ನಿಲ್ಲಿಸಿ, ಇವರನ್ನ ಕಳಿಸ್ತೀನಿ" ಅಂದರೆ ಕೇಳಲಿಲ್ಲ. ಗ್ಯಾಸ್ ಸ್ಟೇಷನ್ ಸಿಕ್ಕಲ್ಲೆಲ್ಲ ನಿಲ್ಲಿಸಿ ಫೋನ್ ಮಾಡಿದರು. ಕ್ಯಾರೊಲಿನಾ ಅನ್ನುವುದು ಚಾರ್ಲ್ಸ್ ರಾಜನ ಲ್ಯಾಟಿನ್ ಹೆಸರಿನಿಂದ ಬಂದದ್ದಂತೆ. ಅಲ್ಲಾ, ಇಲ್ಲಿ ನಮಗೆ ಎದೆ ಡವಡವ ಅನ್ನುತ್ತಿದ್ದರೆ ಯಾವ ಚಾರ್ಲ್ಸ್ ಆದರೇನು! ಕತ್ತಲಾಗುವ ಮೊದಲೇ ಶಾರ್ಲಟ್ ಊರಿನ ಹತ್ತಿರ ಮೋಟೆಲ್ ಸೇರಿಕೊಂಡು ಅಲ್ಲಿಂದ ಇನ್ನೊಂದು ಫೋನು. "ಶಾರ್ಲಟ್ ಅನ್ನೋಳು ಜರ್ಮನ್ ಹುಡುಗಿ ಕಣಮ್ಮ. ಇಂಗ್ಲೆಂಡಿನ ರಾಜನ್ನ ಮದುವೆ ಆಗೋಕೆ ಹಡಗು ಹತ್ತಿ ಬಂದಾಗ ಅವಳಿಗೆ ಇಂಗ್ಲಿಷ್ ಒಂದಕ್ಷರ ಬರ್ತಿರಲಿಲ್ಲ. ಆದ್ರೂ ಸಂಸಾರ ಚೆನ್ನಾಗಿತ್ತಂತೆ." "ಹೇಗೆ ಮಾಡಿದ್ರೋ" ಅಂದು ಫೋನಿಟ್ಟರು.

ಅಕ್ಕ ತನಗೇನೂ ಸಂಬಂಧವಿಲ್ಲ ಅನ್ನುವ ಹಾಗೆ ಟಿವಿ ನೋಡುತ್ತಿದ್ದಳು. ಟಿವಿ ಆಫ್ ಆಗಿತ್ತು. ಮರುದಿನ ಸೌತ್ ಕ್ಯಾರೊಲಿನಾ ಬಂತು ಅಂದಾಗ ಎದ್ದು ಬೇಳೆ ತೊಳೆದಳು. ಜಾರ್ಜಿಯಾ ಅಂದಾಗ ಕುಕ್ಕರ್ ಇಟ್ಟಳು.

ಮಧ್ಯಾಹ್ನ ಭಾವನ ಕಾರು ಬಂದು ನಿಂತಿತು. ಒಂದು ಚಕ್ರ ನಮ್ಮ ಹುಲ್ಲಿನ ಮೇಲೆ. ಬಟ್ಟೆಯ ಬ್ಯಾಗಿಲ್ಲ, ಹಲ್ಲುಜ್ಜುವ ಬ್ರಷ್ಷಿಲ್ಲ, ಕಂಕುಳಲ್ಲಿ ಡಿಕ್ಷನರಿ! ಎರಡು ದಿನ ಬಿಗಿಹಿಡಿದಿದ್ದ ನನ್ನ ಭಯವೆಲ್ಲ ಸಿಟ್ಟಾಗಿ ಉಕ್ಕಿತು.

"ಭಾವ, ದಾರೀಲಿ ಸಿಕ್ಕಿದ ಊರಿನ ಹೆಸರೆಲ್ಲ ಯಾಕೆ ಬಂತು ಅಂತ ಹೇಳಿದ್ರಿ. ನೀವು ಯಾಕೆ ಬಂದ್ರಿ, ಅದೊಂದು ಹೇಳಿ!"

ಭಾವ ಬಾಗಿಲಲ್ಲೇ ನಿಂತರು. ಡಿಕ್ಷನರಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಅವಳು ಹೋಗ್ತೀನಿ ಅಂದ್ಲು."

"ಹೌದು, ಅಂದ್ಲು. ಅದಕ್ಕೆ?"

"ಹೋಗ್ತೀನಿ ಅಂದ್ಲು ಕಣಮ್ಮ. ಹೋಗ್ಬರ್ತೀನಿ ಅನ್ನಲಿಲ್ಲ." ಅವರ ದನಿ ಸಣ್ಣದಾಗಿತ್ತು. "ಕಸದ ಡಬ್ಬಿ ಹೊರಗಿಡೋಕೆ ಹೋದ್ರೂ ಬರ್ತೀನಿ ಅಂತಾಳೆ. ಹಿಂದೊಂದ್ಸಲ ಆಪರೇಷನ್‌ಗೆ ಸ್ಟ್ರೆಚರ್ ಮೇಲೆ ಮಲಗಿಸಿ ಒಳಗೆ ಕರ್ಕೊಂಡು ಹೋದಾಗ್ಲೂ ಕೈ ಎತ್ತಿ ಬರ್ತೀನಿ ಅಂದ್ಲು. ಅದನ್ನೇ ನಂಬ್ಕೊಂಡು ಹೊರಗೆ ಕೂತಿದ್ದೆ ನಾನು. ಈ ಸಲ ಅನ್ನಲಿಲ್ಲ."

ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ಬಾಗಿಲಲ್ಲಿ ಬೈಸಿಕೊಂಡು ಬೆಳೆಯದ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ? ನಮ್ಮಮ್ಮ ಅಕ್ಕನಿಗೂ ನನಗೂ ಎಷ್ಟು ಸಲ ಗದರಿದ್ದಾಳೋ. ಅಕ್ಕನೇ ಹೇಳಿದ್ದಳಲ್ಲ ನನಗೆ, ಹೋಗ್ತೀನಿ ಅಂದೆ ಅಂತ. ಆಗ ನನಗೂ ಅದು ಗಮನಕ್ಕೆ ಬಂದಿರಲಿಲ್ಲ.

ಅಕ್ಕ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. "ನೀವು ಪುಸ್ತಕದಿಂದ ತಲೇನೇ ಎತ್ತಲಿಲ್ಲ" ಅಂದಳು.

"ತಲೆ ಎತ್ತೋಕೆ ಭಯ ಆಯ್ತು" ಅಂದರು ಭಾವ.

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸಬೇಕು ಅನ್ನಿಸಲಿಲ್ಲ ನನಗೆ. ಊಟಕ್ಕೆ ಕೂತೆವು. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಯಾರೂ ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಕ್ಕ, ತರಕಾರಿ ತರೋಣ ಬಾ, ನಾರ್‌ಕ್ರಾಸ್ ಊರಿನ ಇಂಡಿಯನ್ ಅಂಗಡಿಗೆ ಹೋಗೋಣ ಅಂದಳು. ರಾಕ್‌ವಿಲ್ ಮಾತನ್ನು ಅವಳೂ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಭಾವ ನಮ್ಮ ಮನೆಯವರ ಟೀ ಶರ್ಟ್ ಹಾಕಿಕೊಂಡು ಸೋಫಾದಲ್ಲಿ ಡಿಕ್ಷನರಿ ತೆರೆದು ಕೂತಿದ್ದರು. ನಾನು ಗರಾಜಿನಲ್ಲಿ ಕಾರ್ ಸ್ಟಾರ್ಟ್ ಮಾಡಿದೆ. ಹತ್ತಲು ಬಂದ ಅಕ್ಕ ಬಾಗಿಲ ಮೇಲೆ ಕೈಯಿಟ್ಟವಳು ಹಾಗೇ ತಿರುಗಿ ಒಳಗೆ ಹೋದಳು. ಚೀಲ ಮರೆತಳೇನೋ ಅಂದುಕೊಂಡೆ.

"ರೀ, ಹೋಗಿ ಬರ್ತೀನಿ."

ಇನ್ನೇನು ಲ್ಯಾಟಿನ್ ಬರುತ್ತದೆ, ಹಿಂದೆಯೇ ಫ್ರೆಂಚು, ಕೊತ್ತಂಬರಿ ಸೊಪ್ಪು ಬಾಡಿಹೋಗಿರುತ್ತದೆ ಎಂದು ಅಭ್ಯಾಸದ ಮೇಲೆ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕಾದೆ.

"ಹ್ಞೂಂ" ಅಂದರು ಭಾವ. "ಬಾ."